ಮಗ್ಗ ನಿಂತ ಹೊತ್ತಿನ ಹಾಡು

ಬರೆಯುವವರ ಕೈ ನಿಧಾನವಾದರೆ ‘ಸೆಲೆ ಬತ್ತಿತು’ ಎಂದುಬಿಡುವುದು ನಮ್ಮಲ್ಲಿ ವಾಡಿಕೆ. ಸುಮಾರು ಸಾವಿರ ವರ್ಷಗಳ ಹಿಂದೆ ಸಂಸ್ಕೃತದಲ್ಲಿ ‘ಕಾವ್ಯಮೀಮಾಂಸೆ’ಯನ್ನು ರಚಿಸಿದ ರಾಜಶೇಖರನು ಈ ವಿಷಯವನ್ನು ಇದಕ್ಕಿಂತ ನಯವಾಗಿ ಕಂಡಿದ್ದನು. ಅವನು ಪ್ರತಿಭೆಯನ್ನು ಎರಡಾಗಿ ವಿಂಗಡಿಸಿ, ಕಾವ್ಯವನ್ನು ಹುಟ್ಟಿಸುವ ಶಕ್ತಿಯನ್ನು ‘ಕಾರಯಿತ್ರೀ’ ಎಂದೂ ಅದನ್ನು ಅರಿತು ಸವಿಯುವ ಶಕ್ತಿಯನ್ನು ‘ಭಾವಯಿತ್ರೀ’ ಎಂದೂ ಕರೆದನಲ್ಲದೆ, ಬರೆಯುವ ಹೊತ್ತಿಗೆ ಅನುಸಾರವಾಗಿ ಕವಿಗಳನ್ನು ವರ್ಗೀಕರಿಸುವಾಗ, ಬೇರೆ ಸೇವೆಯ ನಡುವೆ ಬಿಡುವು ಸಿಕ್ಕಾಗ ಮಾತ್ರ ಬರೆಯುವವನಿಗೆ ‘ದತ್ತಾವಸರ’ ಎಂಬ ಹೆಸರನ್ನೇ ಇಟ್ಟನು. ಸಂಬಳದ ಕೆಲಸ ಮಾಡುತ್ತಲೇ ಬರೆದ ಆಧುನಿಕ ಕನ್ನಡದ ಬಹುಪಾಲು ಕವಿಗಳು ಈ ಗುಂಪಿಗೇ ಸೇರುತ್ತಾರೆ.

ಅಂಥವರಲ್ಲಿ ಎದ್ದು ಕಾಣುವ ಹೆಸರು ಕೆ.ಎಸ್. ನರಸಿಂಹಸ್ವಾಮಿ ಅವರದು. ಸರ್ಕಾರಿ ಕಚೇರಿಗಳ ಕಡತಗಳ ನಡುವೆ ಬಾಳಿದ ಅವರು 1942ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಪ್ರಕಟಿಸಿ, ದಾಂಪತ್ಯದ ಕವಿ ಎಂಬ ಹೆಸರಿಗೆ ಕಟ್ಟುಬಿದ್ದರು; 1958ರ ‘ಶಿಲಾಲತೆ’ಯಲ್ಲಿ ನವ್ಯದ ಕಡೆಗೆ, ಅಂದರೆ ಪ್ರತಿಮೆಗಳ ಮೂಲಕ ಒಳಗಿನ ತಳಮಳವನ್ನು ಹೇಳುವ ಕಾವ್ಯಮಾರ್ಗದ ಕಡೆಗೆ ತಿರುಗಿದರು; 1960ರಲ್ಲಿ ‘ಮನೆಯಿಂದ ಮನೆಗೆ’ ಬಂದ ಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಅವರಿಂದ ಹೊಸ ಕವನಸಂಗ್ರಹವೊಂದು ಹೊರಬರಲಿಲ್ಲ. ಆ ವರ್ಷಗಳನ್ನು ಬರಡೆಂದು ಎಣಿಸುವುದು ತಪ್ಪಾದೀತು. ಹಳೆಯ ಲಯವನ್ನು ಪೂರ್ತಿ ಬಿಡದೆ, ಹೊಸ ಲಯಕ್ಕೆ ಪೂರ್ತಿ ಒಪ್ಪಿಸಿಕೊಳ್ಳದೆ ಇದ್ದ ಕವಿಗೆ ತನ್ನ ದನಿಯನ್ನು ಹದ ಮಾಡಿಕೊಳ್ಳಲು ಅಷ್ಟು ಕಾಲ ಬೇಕಾಯಿತು ಎನ್ನುವುದೇ ಸರಿ. ಏಕೆಂದರೆ ಅನಂತರ ಬಂದ ‘ತೆರೆದ ಬಾಗಿಲು’ ಸಂಗ್ರಹಕ್ಕೆ 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಳಿವಯಸ್ಸಿನಲ್ಲಿ ಅವರು ಒಂದರ ಹಿಂದೊಂದರಂತೆ ಸಂಗ್ರಹಗಳನ್ನು ತಂದರು; ಅವುಗಳಲ್ಲಿ ಒಂದರ ಹೆಸರು ‘ಮೌನದಲಿ ಮಾತ ಹುಡುಕುತ್ತ’.

ಕವಿಯ ಲೇಖನಿ ಮೆಲ್ಲಗಾದಾಗ ಅವನ ಕವಿತೆಗಳು ಸುಮ್ಮನಿರಲಿಲ್ಲ. ಕವಿತೆಯ ಭಾವಕ್ಕೆ ಹೊಂದುವಂತೆ ರಾಗದ ಕಟ್ಟುಪಾಡನ್ನು ಸಡಿಲಿಸಿ ಹಾಡುವ ಪದ್ಧತಿಗೆ ಸುಗಮ ಸಂಗೀತವೆಂದು ಹೆಸರು. ಪಿ. ಕಾಳಿಂಗರಾಯರು ವೇದಿಕೆಗೆ ಒಗ್ಗಿಸಿದ ಈ ಪದ್ಧತಿಯನ್ನು ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅವರು ಮುಂದಿನ ತಲೆಮಾರಿಗೆ ದಾಟಿಸಿದರು. ಟಿ.ಎಸ್. ನಾಗಾಭರಣ ಅವರ ‘ಮೈಸೂರ ಮಲ್ಲಿಗೆ’ ಚಿತ್ರದ ಗೀತೆಗಳಿಗಾಗಿ ನರಸಿಂಹಸ್ವಾಮಿ ಅವರಿಗೆ 39ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಗೀತರಚನಕಾರನ ಗೌರವ ಸಿಕ್ಕಾಗ, ಆ ಪದ್ಯಗಳಿಗೆ ಸುಮಾರು ಅರ್ಧ ಶತಮಾನದ ವಯಸ್ಸಾಗಿತ್ತು.

ನಮ್ಮ ದೊಡ್ಡಬಳ್ಳಾಪುರದ ಪಕ್ಕದ ತಾಲ್ಲೂಕಾದ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ ಕತೆಯೂ ಇಲ್ಲಿ ಪ್ರಸ್ತುತವಾಗುತ್ತದೆ. ಭೂವಿಜ್ಞಾನದ ಅಧ್ಯಾಪಕರಾಗಿದ್ದ, ಆ ಮಟ್ಟಿಗೆ ದತ್ತಾವಸರರೇ ಆಗಿದ್ದ ಅವರ ಕವಿತೆಗಳಿಗೆ ಅನಂತಸ್ವಾಮಿ ಅವರು ರಾಗ ಹಾಕಿ 1978ರಲ್ಲಿ ಹೊರತಂದ ‘ನಿತ್ಯೋತ್ಸವ’ವನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಗುರುತಿಸುವುದುಂಟು. 2017ರಲ್ಲಿ ಮೈಸೂರು ದಸರೆಯನ್ನು ಉದ್ಘಾಟಿಸಿದವರೂ ಅವರೇ.

ದಸರೆ ಬೀಳುವುದು ಶರದೃತುವಿನಲ್ಲಿ, ಅಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಅವಧಿಯಲ್ಲಿ. ಸಂಸ್ಕೃತ ಕವಿಗಳ ಶರತ್ಕಾಲದಲ್ಲಿ ಮೋಡ ಚದುರಿ ಆಕಾಶ ತಿಳಿಯಾಗುತ್ತದೆ. ಬೆಂಗಳೂರು ಗ್ರಾಮಾಂತರದ ಬಯಲಿನಲ್ಲಿ ಹಾಗಿಲ್ಲ. ಇಲ್ಲಿ ಜೋರು ಮಳೆ ಸುರಿಯುವುದೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಹೊಲದ ರಾಗಿ ತೆನೆ ಬಿಡುವ ಹೊತ್ತಿಗೆ. ಆದರೂ ಗಣೇಶನ ಪೆಂಡಾಲಿನಿಂದ ಹಿಡಿದು ನವರಾತ್ರಿಯನ್ನು ದಾಟಿ ನವೆಂಬರಿನ ರಾಜ್ಯೋತ್ಸವದವರೆಗೆ ಹರಡಿಕೊಳ್ಳುವ ವಾದ್ಯಗೋಷ್ಠಿಗಳು ತಾಡಪಾಲಿನ ಕೆಳಗೆ, ನೆನೆದ ಮೈಕಿನ ಗೊರಗೊರದ ನಡುವೆ ನಡೆದೇ ನಡೆಯುತ್ತವೆ.

ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರಾದುದರಿಂದ ಇಲ್ಲಿನವರ ಕಿವಿಗೆ ನಿಧಾನ ಮತ್ತು ನಿಲುಗಡೆಗಳ ಅರ್ಥ ಬೇರೆಯೇ ಆಗಿದೆ. ಆಷಾಢದಲ್ಲಿ ಮದುವೆಗಳಿಲ್ಲದೆ ಸೀರೆಯ ವ್ಯಾಪಾರ ಕುಗ್ಗುತ್ತದೆ, ಹಬ್ಬಗಳು ಹತ್ತಿರವಾದಂತೆ ಚೇತರಿಸಿಕೊಳ್ಳುತ್ತದೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳ ಸಾಲು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೆರಳಿನಿಂದ ಹೊಸೆದು ಕೂಡಿಸಬೇಕಾಗುತ್ತದೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೆಚ್ಚಿ ಮುಗಿಯುವ ತನಕ ಲಾಳಿ ಅಲುಗುವುದಿಲ್ಲ, ಒಂದು ಅಂಗುಲ ಬಟ್ಟೆಯೂ ಹುಟ್ಟುವುದಿಲ್ಲ, ಹಾಗೆಂದು ನೇಯ್ಗೆ ಕೈಬಿಟ್ಟಿತೆಂದು ನೇಕಾರರ ಮನೆಯಲ್ಲಿ ಯಾರೂ ಹೇಳುವುದಿಲ್ಲ. ನರಸಿಂಹಸ್ವಾಮಿ ಅವರ 60ರ ದಶಕಕ್ಕೆ ‘ಬತ್ತಿದ ಸೆಲೆ’ಗಿಂತ ಕೆಚ್ಚುವುದು ಎಂಬ ಮಾತೇ ಹೆಚ್ಚು ಒಪ್ಪುತ್ತದೆ.

ಇದೇ ಊರಿನ ನೇಕಾರ ಕುಟುಂಬದಲ್ಲಿ 1954ರಲ್ಲಿ ಹುಟ್ಟಿದ ಡಿ.ಆರ್. ನಾಗರಾಜ್ ಅವರು ಕವಿಯಲ್ಲ, ವಿಮರ್ಶಕರು. ರಾಜಶೇಖರನ ಮಾತಿನಲ್ಲಿ ಹೇಳುವುದಾದರೆ ಭಾವಯಿತ್ರೀ ಪ್ರತಿಭೆಯ ದೊಡ್ಡ ಉದಾಹರಣೆ. ಬರೆಯಲಾಗದ ಕವಿಯೂ ಅಷ್ಟು ಕಾಲ ಇದೇ ಪ್ರತಿಭೆಯನ್ನು ಆಶ್ರಯಿಸಿ ಕೇಳುಗನಾಗುತ್ತಾನೆ, ಮತ್ತು ಕೇಳುವುದಕ್ಕೆ ಈ ಊರಿನಲ್ಲಿ ಆಯುಧಪೂಜೆಯಷ್ಟು ತಕ್ಕ ದಿನ ಇನ್ನೊಂದಿಲ್ಲ. ಅಂದು ಮಗ್ಗಗಳನ್ನು ನಿಲ್ಲಿಸಿ, ದೂಳು ಝಾಡಿಸಿ, ಎಣ್ಣೆಯ ಜಿಡ್ಡು ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ವರ್ಷವಿಡೀ ಓಣಿಗಳನ್ನು ತುಂಬಿರುವ ಲಟಲಟ ಸದ್ದು ಅಡಗಿದಾಗ, ನಾಲ್ಕು ಬೀದಿ ಆಚೆಯ ಪೆಂಡಾಲಿನಲ್ಲಿ ತಬಲದವನು ಸುತ್ತಿಗೆಯಿಂದ ಶ್ರುತಿ ಕೂಡಿಸುವುದೂ ಮನೆಯೊಳಕ್ಕೆ ಕೇಳಿಸುತ್ತದೆ.