ಅಡುಗೆಮನೆಗೆ ಇಣುಕಿದ ನ್ಯಾಯಾಲಯ

ಸಹೋದರಿಯರೇ, ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ನಮ್ಮ ಮನೆಗಳಲ್ಲಿ ಮೆಣಸಿನಕಾಯಿ ಇಲ್ಲದ ಸಾರಿಲ್ಲ. ಅದನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅಡುಗೆಮನೆಗೆ ಇಣುಕುವ ನ್ಯಾಯಾಲಯವನ್ನು ಗೋವಾಕ್ಕೆ ತಂದವರೂ ಅವರೇ. 1560ರಲ್ಲಿ ಆರಂಭವಾದ ಈ 'ಇನ್‌ಕ್ವಿಸಿಷನ್', ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೂ ನಡೆಯಿತು.

ಕ್ರೈಸ್ತರಾದವರು ಒಳಗೊಳಗೇ ಹಳೆಯ ಧರ್ಮ ಪಾಲಿಸುತ್ತಿದ್ದಾರೆಯೇ ಎಂಬುದೇ ಅದರ ಮುಖ್ಯ ಶೋಧ. ಹೆಂಡತಿ ಇದ್ದೂ ಮತ್ತೊಂದು ಮದುವೆ, ಸಲಿಂಗಕಾಮ ಮುಂತಾದವೂ ವಿಚಾರಣೆಗೆ ಬರುತ್ತಿದ್ದವು. ದೂರು ಕೊಟ್ಟವರು ಯಾರೆಂದು ಆರೋಪಿಗೆ ತಿಳಿಸುತ್ತಿರಲಿಲ್ಲ. ಪಕ್ಕದ ಮನೆಯವಳೋ, ಮನೆಗೆಲಸದವಳೋ ಯಾರಿಗೆ ಗೊತ್ತು? 1736ರ ಆಜ್ಞೆಯಂತೂ, ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು, ತುಳಸಿ ಬೆಳೆಸಬಾರದು ಎಂದಿತು. ಉಪ್ಪಿಗೂ ಈಮಾನಿಗೂ ಎಲ್ಲಿಯ ನಂಟು!

ಗಾರ್ಸಿಯಾ ದ ಓರ್ತಾ ಎಂಬ ವೈದ್ಯರ ಹೆಸರು ಕೇಳಿದ್ದೀರಾ? ನಮ್ಮ ಮೆಣಸು, ಏಲಕ್ಕಿ, ಶುಂಠಿಯ ಗುಣಗಳ ಬಗ್ಗೆ ಬರೆದ ಅವರ ಗ್ರಂಥ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವರದು ಕ್ರೈಸ್ತ ಮತಕ್ಕೆ ಬಲವಂತವಾಗಿ ಸೇರಿಸಲ್ಪಟ್ಟ ಯಹೂದಿ ಮನೆತನ. 1568ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಅವರ ತಂಗಿ ಕತರೀನಾಳನ್ನು, ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು, ಬೆಂಕಿಗೆ ಕೊಟ್ಟರು. ಅಣ್ಣನನ್ನೂ ಬಿಡಲಿಲ್ಲ. 1580ರಲ್ಲಿ ಗೋರಿ ಅಗೆದು ಎಲುಬುಗಳನ್ನು ಸುಟ್ಟರು.