ಯಾವ ಉಂಗುರ ತೊಡಲಿ? ಹತ್ತು ಸಾವಿರ ಸಲ ಹೋರಾಡಿ ನೋಡಿ!



ನಮ್ಮ ಕನ್ನಡ ಸಮಯಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆಗಳೇ. ಆದರೆ ಪುಣೆಯ ಕೇಳುಗರೊಬ್ಬರು ಈ ಸಲ ಬೇರೆಯದೇ ಪ್ರಶ್ನೆ ಕಳಿಸಿದ್ದಾರೆ. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಗೆಳೆಯರ ತಂಡದ ಜೊತೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟ. ತಂಡಕ್ಕೆ ಸಿಕ್ಕಿದ ಒಂದೇ ಒಂದು ಉಂಗುರಕ್ಕೆ ಇಬ್ಬರು ಕೈ ಚಾಚಿದರಂತೆ. 'ಸಿಮ್' ಮಾಡಿ ನಂಬರ್ ತೋರಿಸಿ ಅಂದರಂತೆ ನಾಯಕರು. ಇನ್ನೊಬ್ಬನ ನಂಬರ್ ಕೂದಲೆಳೆಯಷ್ಟು ಜಾಸ್ತಿ ಬಂತು, ಉಂಗುರ ಅವನ ಪಾಲಾಯಿತು, ಮಾತಿಗೆ ಮಾತು ಬೆಳೆಯಿತು. ಈಗ ಹಳೆಯ ಸ್ನೇಹಿತರಿಬ್ಬರು ಮಾತು ಬಿಟ್ಟಿದ್ದಾರೆ. ಆ ನಂಬರನ್ನು ಎಷ್ಟರ ಮಟ್ಟಿಗೆ ನಂಬಬೇಕು ಅನ್ನುವುದು ಅವರ ಪ್ರಶ್ನೆ.

ಕನ್ನಡ ಬಿ.ಎ. ಓದಿದವರಿಗೆ ಲೆಕ್ಕದ ಉಸಾಬರಿ ಯಾಕೆ ಅನ್ನಬೇಡಿ. ಇದು ಅಷ್ಟೇನೂ ಕಷ್ಟದ ಲೆಕ್ಕವಲ್ಲ. ಆಟ ಗೊತ್ತಿಲ್ಲದವರೂ ಓದಿ; ನಿಮ್ಮ ಮನೆಯ ಮಗನೋ ತಂಗಿಯೋ ರಾತ್ರಿಯೆಲ್ಲ ಏನು ಮಾಡುತ್ತಿದ್ದಾರೆ ಅಂತಲಾದರೂ ತಿಳಿದೀತು!

ಮೊದಲು ಆಟದ ಪರಿಚಯ. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಆನ್‌ಲೈನ್ ಆಟ ಇದು. ನೀವೊಂದು ಪಾತ್ರ ಕಟ್ಟುತ್ತೀರಿ... ಯೋಧ, ಮಾಂತ್ರಿಕ, ಬೇಟೆಗಾರ, ಹೀಗೆ. ನಾಲ್ಕಾರು ಜನರೋ ಇಪ್ಪತ್ತು ಜನರೋ ಸೇರಿ ದೊಡ್ಡ ರಾಕ್ಷಸನನ್ನು ಹೊಡೆಯುತ್ತೀರಿ. ಅವನು ಬಿದ್ದರೆ ಕತ್ತಿ, ಕವಚ, ಉಂಗುರ, ತಾಯಿತದಂಥ ಟ್ರಿಂಕೆಟ್ ಸಿಗುತ್ತವೆ. ಇವಕ್ಕೆಲ್ಲ ಸೇರಿ 'ಗೇರ್' ಎಂದು ಹೆಸರು. ಕರ್ಣನಿಗೆ ಕವಚ ಕುಂಡಲ ಹುಟ್ಟಿನಿಂದಲೇ ಬಂದಿದ್ದವು; ನಮ್ಮ ಹುಡುಗರು ಪಾಪ, ವಾರವಾರವೂ ಹೋರಾಡಿ ಗಳಿಸಬೇಕು.

ತೊಡಕಿರುವುದು ಇಲ್ಲೇ. ಹೊಸ ಉಂಗುರ ಹಳೆಯದಕ್ಕಿಂತ ಮೇಲೋ ಅಲ್ಲವೋ ಎಂದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಪ್ರತಿ ವಸ್ತುವಿಗೂ 'ಐಟಂ ಲೆವೆಲ್' ಅನ್ನುವ ಒಂದು ಅಂಕಿ ಇದೆ ನಿಜ. ಆದರೆ ಒಂದು ಉಂಗುರ 'ಕ್ರಿಟ್' ಕೊಡುತ್ತದೆ, ಅಂದರೆ ಕೆಲವು ಏಟುಗಳು ಇಮ್ಮಡಿಯಾಗಿ ಬೀಳುತ್ತವೆ. ಇನ್ನೊಂದು 'ಹೇಸ್ಟ್' ಕೊಡುತ್ತದೆ, ಅಂದರೆ ಏಟುಗಳು ಬೇಗಬೇಗ ಬೀಳುತ್ತವೆ. ಇವೆರಡರಲ್ಲಿ ನಿಮಗೆ ಯಾವುದು ಲಾಭ ಎಂಬುದು ನಿಮ್ಮ ಪಾತ್ರ, ನೀವು ಆಗಲೇ ತೊಟ್ಟಿರುವ ಉಳಿದ ವಸ್ತುಗಳು, ಹೋರಾಟದ ಬಗೆ... ಎಲ್ಲದರ ಮೇಲೂ ನಿಂತಿದೆ.

ಬೊಂಬೆಗೆ ಹೊಡೆದು ನೋಡಿದರೆ ಸಾಲದೇ?

ಆಟದ ಊರುಗಳಲ್ಲಿ ಅಭ್ಯಾಸಕ್ಕೆಂದೇ ನಿಲ್ಲಿಸಿದ ಬೊಂಬೆಗಳಿವೆ. ಒಂದು ಉಂಗುರ ತೊಟ್ಟು ಐದು ನಿಮಿಷ ಹೊಡೆಯುವುದು, ಇನ್ನೊಂದು ತೊಟ್ಟು ಐದು ನಿಮಿಷ ಹೊಡೆಯುವುದು, ಯಾವುದರಲ್ಲಿ ಹೆಚ್ಚು ಪೆಟ್ಟು ಬಿತ್ತೋ ಅದೇ ಒಳ್ಳೆಯದು. ಸರಿಯಾಗಿಯೇ ಇದೆಯಲ್ಲ ಅನ್ನಿಸುತ್ತದೆ. ಸರಿಯಿಲ್ಲ! ಯಾಕೆಂದು ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ನಾನೇ ಸುಲಭಕ್ಕಾಗಿ ಇಟ್ಟುಕೊಂಡವು.

ನಿಮ್ಮ ಒಂದು ಏಟಿಗೆ 1000 ಪೆಟ್ಟು ಎನ್ನಿ. ನೂರರಲ್ಲಿ 20 ಏಟು ಇಮ್ಮಡಿಯಾಗುತ್ತವೆ. ಆಗ ಸರಾಸರಿ 1200. ಮೊದಲ ಉಂಗುರ ಈ 20ನ್ನು 25 ಮಾಡುತ್ತದೆ. ಸರಾಸರಿ 1250 ಆಯಿತು. ಎರಡನೇ ಉಂಗುರ ಕ್ರಿಟ್ ಮುಟ್ಟುವುದಿಲ್ಲ, ಆದರೆ ಎಲ್ಲ ಏಟನ್ನೂ ಶೇಕಡಾ 4ರಷ್ಟು ಬಲಪಡಿಸುತ್ತದೆ. 1040ಕ್ಕೆ ಇಮ್ಮಡಿಯ ಪಾಲು ಸೇರಿ 1248. ಹಾಗಾದರೆ ಮೊದಲನೆಯದೇ ಮೇಲು, ಬರೀ 2ರ ಅಂತರದಲ್ಲಿ.

ಈಗ ಬೊಂಬೆಗೆ 200 ಏಟು ಹೊಡೆಯಿರಿ. ಇಮ್ಮಡಿ ಬೀಳುವುದು ಚೌಕಾಬಾರದ ಕವಡೆ ಇದ್ದಂತೆ, ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. 200 ಏಟಿನ ಸರಾಸರಿ ನಿಜವಾದ ಬೆಲೆಯಿಂದ ಆಚೀಚೆ 30ರಷ್ಟು ಓಲಾಡುವುದು ಮಾಮೂಲು. ನೀವು ಹುಡುಕುತ್ತಿರುವ ವ್ಯತ್ಯಾಸ 2, ಓಲಾಟ 30! ಆ ಐದು ನಿಮಿಷದಲ್ಲಿ ನೀವು ಅಳೆದದ್ದು ಉಂಗುರವನ್ನಲ್ಲ, ಅವತ್ತಿನ ಕವಡೆಯನ್ನು. ಸ್ಟುಡಿಯೋದಲ್ಲಿ ನಮ್ಮ ಮುಂದೆ ಧ್ವನಿ ಅಳೆಯುವ ಮೀಟರ್ ಇರುತ್ತದೆ. ಮುಳ್ಳು ಒಮ್ಮೆ ಮೇಲೆ ಹಾರಿತು ಅಂತ ಯಾರೂ ವಾಲ್ಯೂಮ್ ತಗ್ಗಿಸುವುದಿಲ್ಲ. ಕ್ರಿಕೆಟ್ಟಿನಲ್ಲೂ ಅಷ್ಟೇ. ನಮ್ಮ ರಾಹುಲ್ ದ್ರಾವಿಡ್ ಅವರ ಟೆಸ್ಟ್ ಸರಾಸರಿ 52.31 ಅಂದರೆ ಅದು 286 ಇನ್ನಿಂಗ್ಸ್‌ಗಳ ಮಾತು. ಯಾವುದೋ ಒಂದು ಬೆಳಗ್ಗೆ ಬೇಗ ಔಟಾದದ್ದನ್ನು ನೋಡಿ 'ಇವರಿಗೆ ಆಡಲು ಬರುವುದಿಲ್ಲ' ಅಂದರೆ ನಗುವವರೇ ಎಲ್ಲ.

ಹಾಗಾದರೆ ಎಷ್ಟು ಸಲ ಹೊಡೆಯಬೇಕು? ನಾಲ್ಕು ಪಟ್ಟು ಹೆಚ್ಚು ಸಲ ಹೊಡೆದರೆ ಓಲಾಟ ಅರ್ಧಕ್ಕೆ ಇಳಿಯುತ್ತದೆ, ನೂರು ಪಟ್ಟಿಗೆ ಹತ್ತನೇ ಒಂದು ಭಾಗಕ್ಕೆ. ನೂರು ಹೋರಾಟ ಮಾಡಿದರೂ ಓಲಾಟ ಇನ್ನೂ 3 ಉಳಿದಿರುತ್ತದೆ, ನಮ್ಮ 2 ಕಾಣುವುದಿಲ್ಲ. ಹತ್ತು ಸಾವಿರ ಹೋರಾಟಕ್ಕೆ ಅದು 0.3ಕ್ಕೆ ಬರುತ್ತದೆ, ಆಗ 2 ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತದೆ. ಐದೈದು ನಿಮಿಷದ ಹತ್ತು ಸಾವಿರ ಹೋರಾಟಕ್ಕೆ ಬೇಕಾದ ಸಮಯ? ಊಟ ನಿದ್ದೆ ಬಿಟ್ಟು ಆಡಿದರೆ ಸುಮಾರು 35 ದಿನ. ಅದೂ ಒಂದೇ ಉಂಗುರಕ್ಕೆ.

ಈ 35 ದಿನದ ಕೆಲಸವನ್ನು ಚಹಾ ಕುದಿಯುವಷ್ಟರಲ್ಲಿ ಮಾಡಿ ಮುಗಿಸುವುದೇ ಸಿಮ್ಯುಲೇಟರ್. ವಾರ್‌ಕ್ರಾಫ್ಟ್ ಆಟಗಾರರು ಬಳಸುವುದರ ಹೆಸರು 'ಸಿಮ್ಯುಲೇಷನ್‌ಕ್ರಾಫ್ಟ್'. ಆಟಗಾರರೇ ಸೇರಿ ಬರೆದ, ಯಾರು ಬೇಕಾದರೂ ತೆರೆದು ನೋಡಬಹುದಾದ ಉಚಿತ ಪ್ರೋಗ್ರಾಂ. ಇದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ರಾಕ್ಷಸನ ಮುಖವೂ ಇಲ್ಲ. ಯಾವ ಕ್ಷಣಕ್ಕೆ ಯಾವ ಏಟು, ಇಮ್ಮಡಿಯಾಯಿತೇ ಇಲ್ಲವೇ ಎಂದು ಪ್ರತಿ ಸಲವೂ ಕವಡೆ ಎಸೆದು ಲೆಕ್ಕ ಬರೆದುಕೊಳ್ಳುತ್ತ ಹೋಗುತ್ತದೆ. ಕೊನೆಗೆ ಸೆಕೆಂಡಿಗೆ ಸರಾಸರಿ ಎಷ್ಟು ಪೆಟ್ಟು ಎಂದು ಹೇಳುತ್ತದೆ. ಅದೇ 'ಡಿ.ಪಿ.ಎಸ್.'.

ಅಂದ ಹಾಗೆ, ಈ ಉಪಾಯ ಆಟದವರು ಕಂಡುಹಿಡಿದದ್ದಲ್ಲ. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಆಟ ಗೆಲ್ಲುವ ಸಂಭವ ಎಷ್ಟೆಂದು ಸೂತ್ರ ಹಾಕಿ ನೋಡಿದರು, ಬಗೆಹರಿಯಲಿಲ್ಲ. ನೂರು ಸಲ ಎಲೆ ಹಾಕಿ ಎಷ್ಟು ಸಲ ಗೆದ್ದೆ ಅಂತ ಎಣಿಸಿದರಾಯಿತಲ್ಲ ಎಂದು ಹೊಳೆಯಿತು. ಜಾನ್ ಫಾನ್ ನಾಯ್ಮನ್ ಜೊತೆ ಸೇರಿ ಅದನ್ನೇ ಅಣುವಿಜ್ಞಾನದ ಲೆಕ್ಕಗಳಿಗೆ ಹಚ್ಚಿದರು. ಜೂಜಿಗೆ ಹೆಸರಾದ ಊರಿನ ನೆನಪಿಗೆ 'ಮಾಂಟೆ ಕಾರ್ಲೋ' ವಿಧಾನ ಎಂದು ಹೆಸರಾಯಿತು. ಇಸ್ಪೀಟಿನಿಂದ ಹೊರಟ ಉಪಾಯ ಅಣುಬಾಂಬಿನ ಪ್ರಯೋಗಾಲಯ ಸುತ್ತಿ ಮತ್ತೆ ಆಟಕ್ಕೇ ಬಂದು ಸೇರಿತು ನೋಡಿ!

ಬಳಸುವುದು ಹೇಗೆ

ಆಟದೊಳಗೆ ಸಿಮ್ಯುಲೇಷನ್‌ಕ್ರಾಫ್ಟ್ ಹೆಸರಿನದೇ ಒಂದು ಆಡ್‌ಆನ್ ಹಾಕಿಕೊಳ್ಳಬೇಕು. ಚಾಟ್ ಜಾಗದಲ್ಲಿ ಸ್ಲಾಶ್ ಹಾಕಿ 'ಸಿಮ್‌ಸಿ' ಎಂದು ಟೈಪ್ ಮಾಡಿದರೆ ನಿಮ್ಮ ಪಾತ್ರದ ಜಾತಕವೇ ಅಕ್ಷರಗಳಲ್ಲಿ ಬರುತ್ತದೆ: ತೊಟ್ಟದ್ದೇನು, ಚೀಲದಲ್ಲಿರುವುದೇನು, ಕಲಿತ ವಿದ್ಯೆಗಳೇನು. ಅದನ್ನು ನಕಲು ಮಾಡಿ ಪ್ರೋಗ್ರಾಂಗೆ ಹಾಕಬೇಕು. ಸ್ವಂತ ಕಂಪ್ಯೂಟರಿಗೆ ಅಷ್ಟು ತ್ರಾಣವಿಲ್ಲದಿದ್ದರೆ 'ರೇಡ್‌ಬಾಟ್ಸ್' ಎಂಬ ತಾಣ ಇದೇ ಲೆಕ್ಕವನ್ನು ತನ್ನ ಕಂಪ್ಯೂಟರುಗಳಲ್ಲಿ ಮಾಡಿಕೊಡುತ್ತದೆ. ಚೀಲದಲ್ಲಿರುವ ವಸ್ತುಗಳನ್ನೆಲ್ಲ ಹೊಂದಿಸಿ ನೋಡಿ ಯಾವ ಜೋಡಣೆ ಒಳ್ಳೆಯದೆಂದು ಹೇಳುವ ಸೌಲಭ್ಯವೂ ಅಲ್ಲಿದೆ. ಆದರೆ ಎಲ್ಲಕ್ಕೂ ಟಿಕ್ ಹಾಕಬೇಡಿ. ನಾಲ್ಕು ಉಂಗುರದಲ್ಲಿ ಎರಡು ಆರಿಸಲು 6 ದಾರಿ, ಐದು ಟ್ರಿಂಕೆಟ್‌ನಲ್ಲಿ ಎರಡಕ್ಕೆ 10, ಎರಡು ಶಿರಸ್ತ್ರಾಣ, ಎರಡು ಜೊತೆ ಬೂಟು... ಆಗಲೇ 240 ಜೋಡಣೆಗಳಾದವು.

ಸಿಮ್ ನಿಜಕ್ಕೂ ಉಪಕಾರಕ್ಕೆ ಬರುವುದು ಟ್ರಿಂಕೆಟ್ ವಿಷಯದಲ್ಲಿ ಎಂದು ನನ್ನ ಅಭಿಪ್ರಾಯ. ಉದಾಹರಣೆಗೆ, ನಿಮ್ಮ ದೊಡ್ಡ ಶಕ್ತಿ ಎರಡು ನಿಮಿಷಕ್ಕೊಮ್ಮೆ ಸಿದ್ಧವಾಗುತ್ತದೆ, ಟ್ರಿಂಕೆಟ್ ಒಂದೂವರೆ ನಿಮಿಷಕ್ಕೊಮ್ಮೆ. ಐದು ನಿಮಿಷದ ಹೋರಾಟದಲ್ಲಿ ಟ್ರಿಂಕೆಟ್ ಸಿದ್ಧವಾದ ಕೂಡಲೇ ಬಳಸಿದರೆ ನಾಲ್ಕು ಸಲ ಸಿಗುತ್ತದೆ, ಆದರೆ ದೊಡ್ಡ ಶಕ್ತಿಯ ಜೊತೆ ಕೂಡುವುದು ಶುರುವಿನಲ್ಲಿ ಒಮ್ಮೆ ಮಾತ್ರ. ತಡೆದು ಬಳಸಿದರೆ ಮೂರೇ ಸಲ, ಆದರೆ ಮೂರು ಸಲವೂ ಜೋಡಿ. ಯಾವುದು ಲಾಭ? ರಾಕ್ಷಸ ನಾಲ್ಕು ನಿಮಿಷಕ್ಕೆ ಮೊದಲೇ ಸತ್ತರೆ ಆ ಮೂರನೆಯ ಜೋಡಿಯೂ ಇಲ್ಲ! ಅದಕ್ಕೇ ಸಿಮ್ಯುಲೇಟರ್ 300 ಸೆಕೆಂಡಿನ ಹೋರಾಟವನ್ನು ಪ್ರತಿ ಸಲ ಒಂದೇ ಉದ್ದಕ್ಕೆ ಆಡುವುದಿಲ್ಲ, ಶೇಕಡಾ 20ರಷ್ಟು ಹಿಗ್ಗಿಸಿ ಕುಗ್ಗಿಸಿ ಆಡುತ್ತದೆ.

ಇನ್ನೊಬ್ಬರ ನಂಬರ್ ನಿಮಗೆ ಯಾಕೆ ಆಗದು ಎಂಬುದಕ್ಕೆ ಹಳೆಯ ನಿದರ್ಶನವಿದೆ. 2008ರಲ್ಲಿ ಬಂದ 'ರ್‍ಯಾತ್ ಆಫ್ ದ ಲಿಚ್ ಕಿಂಗ್' ಆವೃತ್ತಿಯಲ್ಲಿ ಮಾಂತ್ರಿಕರ ಏಟು ದೊಡ್ಡ ರಾಕ್ಷಸನಿಗೆ ತಾಗದೆ ಹೋಗುವ ಸಂಭವ ಶೇಕಡಾ 17 ಇತ್ತು. 'ಹಿಟ್' ಎಂಬ ಗುಣ ಅದನ್ನು ತುಂಬಿಕೊಡುತ್ತಿತ್ತು. 17 ತುಂಬುವವರೆಗೆ ಅದಕ್ಕೆ ಚಿನ್ನದ ಬೆಲೆ, ತುಂಬಿದ ಮೇಲೆ ಮೂರು ಕಾಸಿಗೂ ಬೇಡ. ಒಂದೇ ಉಂಗುರ ಒಬ್ಬರಿಗೆ ಭಾಗ್ಯ, ಪಕ್ಕದವರಿಗೆ ಭಾರ. 2014ರಲ್ಲಿ ಹಿಟ್ ತೆಗೆದುಹಾಕಿದರು. ಆದರೆ 2020ರಿಂದ ಕ್ರಿಟ್, ಹೇಸ್ಟ್ ಮುಂತಾದ ಗುಣಗಳು ವಸ್ತುಗಳಿಂದ ಶೇಕಡಾ 30 ದಾಟಿದರೆ ಮುಂದಿನದರ ಬೆಲೆ ಸ್ವಲ್ಪ ಸ್ವಲ್ಪವೇ ಕಡಿತವಾಗುವ ನಿಯಮ ಬಂತು. ಆದ್ದರಿಂದ 'ಈ ಪಾತ್ರಕ್ಕೆ ಹೇಸ್ಟೇ ಶ್ರೇಷ್ಠ' ಅನ್ನುವ ಸಿದ್ಧ ಪಟ್ಟಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ.

ನಂಬರಿನ ಹಿಂದೆ ಇರುವುದು

ಈಗ ಪುಣೆಯ ಜಗಳಕ್ಕೆ ಬರೋಣ. ಫಲಿತಾಂಶದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಎರರ್' ಅಂತ ಒಂದು ಅಂಕಿ ಇರುತ್ತದೆ. ಯಾರೂ ನೋಡುವುದಿಲ್ಲ, ನೋಡಬೇಕಾದದ್ದೇ ಅದನ್ನು. ಮೇಲೆ ಹೇಳಿದೆನಲ್ಲ ಓಲಾಟ, ಹತ್ತು ಸಾವಿರ ಹೋರಾಟದ ನಂತರವೂ ಉಳಿದ ಅದರ ಚೂರು ಇದು. ಎರಡು ಉಂಗುರಗಳ ಅಂತರ ಈ ಎರರ್‌ಗಿಂತ ಕಡಿಮೆಯಿದ್ದರೆ ಅವೆರಡೂ ಒಂದೇ ಎಂದು ತಿಳಿಯಬೇಕು. ಮತ್ತೊಮ್ಮೆ ಗುಂಡಿ ಒತ್ತಿದರೆ ಕೆಳಗಿದ್ದದ್ದು ಮೇಲೆ ಬಂದರೂ ಬಂತು! ಇಬ್ಬರು ಗೆಳೆಯರ ಲಾಭವನ್ನು ಹೋಲಿಸುವಾಗಂತೂ ನಾಲ್ಕು ಲೆಕ್ಕಗಳ ಓಲಾಟ ಬಂದು ಸೇರುತ್ತದೆ: ಇಬ್ಬರ ಹಳೆಯ ಉಂಗುರ, ಇಬ್ಬರ ಹೊಸ ಉಂಗುರ. ಕೂದಲೆಳೆಯ ಅಂತರದಲ್ಲಿ ಉಂಗುರ ಕೊಟ್ಟದ್ದು ಚೀಟಿ ಎತ್ತಿ ಕೊಟ್ಟದ್ದಕ್ಕೆ ಸಮ. ಚೀಟಿಯನ್ನೇ ಎತ್ತಿದ್ದರೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

ಇಬ್ಬರೂ ಒಂದೇ ಬಗೆಯ ಹೋರಾಟ ಆರಿಸಿದ್ದರೇ ಎಂಬುದೂ ಮುಖ್ಯ. ಸಿಮ್‌ನ ಮಾಮೂಲಿ ಹೋರಾಟಕ್ಕೆ 'ಪ್ಯಾಚ್‌ವರ್ಕ್' ಎಂದು ಹೆಸರು. 2006ರಲ್ಲಿ ಬಂದ ನ್ಯಾಕ್ಸ್‌ರಾಮಸ್ ಕೋಟೆಯ ರಾಕ್ಷಸ ಅವನು. ಆಗ ನಾಲ್ವತ್ತು ಜನ ಸುತ್ತ ನಿಂತು ಹೊಡೆಯಬೇಕಿತ್ತು. ಓಡುವುದಿಲ್ಲ, ಮಾಯವಾಗುವುದಿಲ್ಲ, ಮರಿ ರಾಕ್ಷಸರನ್ನು ಕರೆಯುವುದಿಲ್ಲ. ಇಂಥ ಸಜ್ಜನ ರಾಕ್ಷಸರು ಕಡಿಮೆ! ನಿಮ್ಮ ನಿಜವಾದ ಹೋರಾಟದಲ್ಲಿ ಹತ್ತು ಸೆಕೆಂಡಿಗೊಮ್ಮೆ ಬೆಂಕಿಯಿಂದ ಓಡಬೇಕಾದರೆ, ಐದಾರು ಶತ್ರುಗಳು ಒಟ್ಟಿಗೆ ಬರುವುದಾದರೆ, ಆ ಬಗೆಯನ್ನೇ ಆರಿಸಿ ಸಿಮ್ ಮಾಡಬೇಕು. ಉತ್ತರ ತಲೆಕೆಳಗಾದರೆ ಆಶ್ಚರ್ಯಪಡಬೇಡಿ.

ಮತ್ತೂ ಒಂದು. ಸಿಮ್ ಒಳಗೆ ಆಡುವವನು ನೀವಲ್ಲ. ಯಾವ ಏಟಿನ ನಂತರ ಯಾವುದು ಎಂಬ ಆದ್ಯತೆಯ ಪಟ್ಟಿ ಹಿಡಿದು, ಕೈ ತಪ್ಪದೆ, ಕಣ್ಣು ಮಿಟುಕಿಸದೆ ಆಡುವ ಯಂತ್ರ ಅದು. ತಂಡದ ಎಲ್ಲ ವರಗಳೂ ಅವನ ಮೇಲಿವೆ ಎಂದೇ ಲೆಕ್ಕ. ಪಿ.ಜಿ. ರೂಮಿನ ಇಂಟರ್‌ನೆಟ್ಟು, ನಡುವೆ ಮನೆಯಿಂದ ಬರುವ ಫೋನು ಅವನಿಗಿಲ್ಲ. ಆದ್ದರಿಂದ 'ಸಿಮ್ ಇಷ್ಟು ಹೇಳಿದೆ, ನೀನು ಅಷ್ಟು ಹೊಡೆದಿಲ್ಲ, ತಂಡದಿಂದ ಹೊರಡು' ಅನ್ನುವುದು ನ್ಯಾಯವಲ್ಲ. ಲಿಚ್ ಕಿಂಗ್ ಕಾಲದಲ್ಲೂ 'ಗೇರ್‌ಸ್ಕೋರ್' ಎಂಬ ಆಡ್‌ಆನ್ ಹೀಗೇ ಆಗಿತ್ತು. ತೊಟ್ಟ ವಸ್ತುಗಳಿಗೆ ಒಂದು ಅಂಕ, ಅಂಕ ಕಡಿಮೆಯಾದರೆ ಗುಂಪಿಗೆ ಪ್ರವೇಶವಿಲ್ಲ. ಆಡಲು ಬರುತ್ತದೋ ಇಲ್ಲವೋ ಕೇಳುವವರಿರಲಿಲ್ಲ. ಸಿಮ್ ಹುಟ್ಟಿರುವುದು ಒಬ್ಬನದೇ ಎರಡು ಉಂಗುರಗಳನ್ನು ಹೋಲಿಸಲಿಕ್ಕೆ, ಇಬ್ಬರು ಮನುಷ್ಯರನ್ನು ಹೋಲಿಸಲಿಕ್ಕಲ್ಲ. ಗಾಯ ಮಾಸಿಸುವ ಹೀಲರ್‌ಗಳಿಗೆ ಇದರಿಂದ ಉಪಯೋಗ ಕಡಿಮೆ. ಅವರ ಕೆಲಸ ಬೇರೆಯವರು ಎಷ್ಟು ಪೆಟ್ಟು ತಿಂದರು ಎಂಬುದರ ಮೇಲಿದೆ, ಅದನ್ನು ಮೊದಲೇ ಊಹಿಸುವುದು ಕಷ್ಟ.

ಸಿಮ್ ಮಾಡುವವರಿಗೆ ಕೊನೆಯದಾಗಿ ಎರಡು ಮಾತು. ಹೊಸ ವಸ್ತು ತೊಟ್ಟ ಪ್ರತಿ ಸಲವೂ ಜಾತಕವನ್ನು ಹೊಸದಾಗಿ ನಕಲು ಮಾಡಿಕೊಳ್ಳಿ. ಕಳೆದ ವಾರದ ಅಕ್ಷರಗಳಲ್ಲಿ ಇರುವುದು ಕಳೆದ ವಾರದ ನೀವು. ಆಟಕ್ಕೆ ದೊಡ್ಡ ಬದಲಾವಣೆ ಬಂದ ಮೊದಲ ಕೆಲವು ದಿನ ಫಲಿತಾಂಶವನ್ನು ಅಷ್ಟಾಗಿ ನೆಚ್ಚಬೇಡಿ. ಸಿಮ್ಯುಲೇಟರ್ ಬರೆಯುವವರೂ ಹೊಸ ಟ್ರಿಂಕೆಟ್ ಹೇಗೆ ಕೆಲಸ ಮಾಡುತ್ತದೆಂದು ಆಡಿ ನೋಡಿಯೇ ತಿಳಿದುಕೊಳ್ಳಬೇಕಲ್ಲ.