ತೇರಿಗೆ ಬರುವ ಮಕ್ಕಳು, ನೇಮ ಸವೆದ ಮನೆಗಳು

ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಎಂದರೆ ಚಿತ್ರದುರ್ಗದ ತುರುವನೂರು ಸೀಮೆಯ ಊರೂರಿನಿಂದ ಬೈಕು, ಟ್ರ್ಯಾಕ್ಟರು, ಟೆಂಪೊಗಳು ಹೊರಡುತ್ತವೆ. ತೇರಿನ ಹಗ್ಗ ಹಿಡಿಯುವವರಲ್ಲಿ, ಕೊಬ್ಬರಿ ಸುಡುವ ಬೆಂಕಿಯ ಸುತ್ತ ನಿಂತವರಲ್ಲಿ ಮೀಸೆ ಚಿಗುರಿದ ಹುಡುಗರಿಗೇನೂ ಕೊರತೆಯಿಲ್ಲ. ತೇರಿನ ಮುಕ್ತಿ ಬಾವುಟದ ಹರಾಜು ಲಕ್ಷಗಳ ಲೆಕ್ಕದಲ್ಲಿ ಏರುತ್ತದೆ. ಗಣೇಶನ ಹಬ್ಬದ ನಂತರ ಚಿತ್ರದುರ್ಗದಲ್ಲಿ ನಡೆಯುವ ಹಿಂದೂ ಮಹಾಗಣಪತಿಯ ಶೋಭಾಯಾತ್ರೆಯಲ್ಲೂ ಕುಣಿಯುವವರು ಈ ವಯಸ್ಸಿನವರೇ. ಹೊಸ ತಲೆಮಾರು ದೇವರನ್ನೇ ಬಿಟ್ಟಿತು ಎಂದು ಕೊರಗುವವರು ಈ ಜನಜಂಗುಳಿಯನ್ನು ನೋಡಿ ಸಮಾಧಾನಪಡಬಹುದು.

ಆದರೆ ನೋಡಬೇಕಾದದ್ದು ಅದೇ ಹುಡುಗರ ಮನೆಯ ಮಾಮೂಲಿ ಸೋಮವಾರವನ್ನು. ಅಪ್ಪ ಮಿಂದು ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಕೂತಿದ್ದಾರೆ. ಮಗನ ಲಿಂಗದ ಕರಡಿಗೆ ದೇವರ ಗೂಡಿನಲ್ಲೇ ಇದೆ. ಅಮ್ಮನದು ಒಂದೊತ್ತು, ಮಗಳು ಡಬ್ಬಿ ಕಟ್ಟಿಕೊಂಡು ದುರ್ಗದ ಕಾಲೇಜಿನ ಬಸ್ಸು ಹಿಡಿಯುತ್ತಾಳೆ. ಇಬ್ಬರೂ ನಾಸ್ತಿಕರಲ್ಲ. ಪರೀಕ್ಷೆಯ ಹಿಂದಿನ ದಿನ ಕೈಮುಗಿಯುತ್ತಾರೆ, ಹೊಸ ಬೈಕಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ. ನಂಬಿಕೆ ಇದ್ದಲ್ಲೇ ಇದೆ, ಸವೆದಿರುವುದು ನೇಮ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ 106 ದೇಶಗಳ ಲೆಕ್ಕ ಕೊಟ್ಟಿತ್ತು. ಧರ್ಮ ತಮಗೆ ಬಹಳ ಮುಖ್ಯ ಎನ್ನುವವರು 46 ದೇಶಗಳಲ್ಲಿ ಹಿರಿಯರಿಗಿಂತ ನಲವತ್ತರೊಳಗಿನವರಲ್ಲಿ ಕಡಿಮೆ. ಕಿರಿಯರೇ ಹೆಚ್ಚು ಧಾರ್ಮಿಕರಾಗಿದ್ದದ್ದು ಜಾರ್ಜಿಯಾ ಮತ್ತು ಘಾನಾ, ಎರಡೇ ಕಡೆ. ಅದೇ ಸಂಸ್ಥೆ ಭಾರತದಲ್ಲಿ ಸುಮಾರು 30,000 ಜನರನ್ನು ಮಾತನಾಡಿಸಿ 2021ರಲ್ಲಿ ವರದಿ ಪ್ರಕಟಿಸಿತು: ದೇವರನ್ನು ನಂಬುವವರು ಶೇ 97. ಹಾಗಾದರೆ ನಮ್ಮಲ್ಲಿ ಏನೂ ಬದಲಾಗಿಲ್ಲವೇ? ನಂಬಿಕೆಯನ್ನು ಕೇಳಿ ತಿಳಿಯಬಹುದು. ನೇಮ ತಿಳಿಯಬೇಕಾದರೆ ದೇವರ ಎತ್ತುಗಳ ರೊಪ್ಪಕ್ಕೆ ಹೋಗಬೇಕು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನಗಳ ಮಂದೆಗಳಿವೆ. ಇವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಸತ್ತರೆ ಪೂಜೆ ಮಾಡಿ ಮಣ್ಣು ಕೊಡುತ್ತಾರೆ. ಗಾದ್ರಿ ಪಾಲನಾಯಕನಂಥ ಪಶುಪಾಲಕ ವೀರರನ್ನೇ ದೇವರೆಂದು ಕಂಡ ಕುಲಕ್ಕೆ ಇದು ಸಹಜ. ಮಂದೆ ಕಾಯುವವನು ಕಿಲಾರಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಿಸಿಲು ಮಳೆ ಎನ್ನದೆ ದನದ ಹಿಂದೆ ಅಲೆಯುವ ಬದುಕು. ಮಡಿ ಕೆಡಬಾರದು, ಮಂದೆ ಹಸಿಯಬಾರದು.

ಈ ಕೆಲಸಕ್ಕೆ ಅಪ್ಪನ ನಂತರ ಮಗ ಬರುತ್ತಿದ್ದ. ಈಗ ಮಗ ಐಟಿಐ ಓದುತ್ತಾನೆ, ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಾನೆ. ಅವನನ್ನು ದೂರುವ ಮೊದಲು ಹುಲ್ಲಿನ ಕಥೆ ಕೇಳಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ 2008ರಿಂದೀಚೆಗೆ ಸುಮಾರು 10,000 ಎಕರೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮೊದಲಾದವುಗಳ ಪಾಲಾಯಿತು. ದನ ಮೇಯುತ್ತಿದ್ದ ಬಯಲಿಗೆ ಗೋಡೆ ಎದ್ದಿತು. ಬರ ಬಂದ ವರ್ಷ ದೇವರ ಎತ್ತುಗಳಿಗೂ ದಾನಿಗಳು ಕೊಟ್ಟ ಮೇವೇ ಗತಿ. ಮೇಯಿಸಲು ಜಾಗವಿಲ್ಲದ ಮಂದೆಗೆ ಯಾವ ಹುಡುಗ ತಾನೆ ಜೀವಮಾನ ಕೊಟ್ಟಾನು?

ತುರುವನೂರಿನ ಎರೆಹೊಲಗಳಲ್ಲೂ ಇದರದೇ ಇನ್ನೊಂದು ಮುಖ ಕಾಣುತ್ತದೆ. ಕಡಲೆ ಬಿತ್ತುವ ಈ ನೆಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳು ಖಾಲಿಯಾದವು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಯೋಣವೆಂದರೆ ಎತ್ತೇ ಇಲ್ಲ. ಆಯುಧಪೂಜೆ ಮಾತ್ರ ವರ್ಷದಿಂದ ವರ್ಷಕ್ಕೆ ಜೋರು, ಏಕೆಂದರೆ ಟ್ರ್ಯಾಕ್ಟರು, ಬೈಕು ಮನೆಯಲ್ಲಿವೆ. ಈ ಭಾಗದ ಧರ್ಮ ಬಹುಪಾಲು ಒಕ್ಕಲುತನದ ಪಂಚಾಂಗವೇ ಆಗಿತ್ತು. ಒಕ್ಕಲುತನ ಬದಲಾದಾಗ ಹಬ್ಬಗಳೂ ಬದಲಾದವು.

ಕಳೆದುಹೋಗುತ್ತಿರುವ ಎಲ್ಲಕ್ಕೂ ಮರುಗಬೇಕಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆಯ ಗುಡಿಸಿಲಿನಲ್ಲಿ ಇರಿಸುವ ಸೂತಕದ ಪದ್ಧತಿಯಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಹಸುಗೂಸು ಮಳೆ, ಚಳಿಗೆ ಸಿಕ್ಕಿ ಸತ್ತಿತು. ಓದಿದ ಹೆಣ್ಣುಮಕ್ಕಳು ಗುಡಿಸಿಲಿಗೆ ಹೋಗಲಾರೆ ಎಂದರೆ ಅದನ್ನು ಭಕ್ತಿಯ ಕೊರತೆ ಎಂದು ಕರೆಯುವುದು ಅನ್ಯಾಯ. ಅವರ ಜೊತೆ ಹಟ್ಟಿಯ ಹಿರಿಯರೇ ನಿಲ್ಲಬೇಕು.

ಹಿರಿಯರೂ ತಮ್ಮ ಹಿರಿಯರ ರೂಢಿಯನ್ನು ಮುರಿದವರೇ. ಎಷ್ಟೋ ಗ್ರಾಮದೇವತೆಗಳ ಎಡೆಯಲ್ಲಿ ಹೆಂಡಕ್ಕೂ ಜಾಗವಿದ್ದ ಕಾಲದಲ್ಲಿ, 1939ರಲ್ಲಿ, ತುರುವನೂರಿನಲ್ಲಿ ಹೆಂಡ ಇಳಿಸುವ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಮುಂದಾಳತ್ವ ವಹಿಸಿದ ಎಸ್. ನಿಜಲಿಂಗಪ್ಪ ಜೈಲಿಗೆ ಹೋದರು. ಗಾಂಧಿಯ ಮಾತಿಗೆ ಓಗೊಟ್ಟು ಕೊಡಲಿ ಹಿಡಿದವರನ್ನು ಯಾರೂ ಧರ್ಮಗೇಡಿಗಳೆನ್ನಲಿಲ್ಲ.

ನಿಜಕ್ಕೂ ನಷ್ಟವಾಗುತ್ತಿರುವುದು ನೇಮದ ಜೊತೆಗೆ ಬೆಳೆದ ತಿಳಿವಳಿಕೆ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡು ಹಾಡುತ್ತಿದ್ದರು. ಆ ಹಾಡುಗಳು ಅವರಿಗೆ ಸಿಕ್ಕಿದ್ದು ಪೂಜೆ, ಮದುವೆ, ಜಾತ್ರೆಗಳ ನಡುವೆ, ದೊಡ್ಡವರ ಪಕ್ಕ ಕೂತು. ಕೂರುವ ಆ ಹೊತ್ತೇ ಇಲ್ಲವಾದರೆ ಹಾಡು ಮೊಬೈಲಿನಲ್ಲಿ ಉಳಿದೀತು, ಹಾಡುವವರು ಉಳಿಯರು.

ಹಾಗಿದ್ದೂ ಕೆಲವು ನೇಮಗಳು ಗಟ್ಟಿಯಾಗಿ ನಿಂತಿವೆ. ಚಳ್ಳಕೆರೆ ತಾಲ್ಲೂಕಿನ ವಸಲುದಿಬ್ಬದಲ್ಲಿ ನಡೆಯುವ ಕ್ಯಾತೇದೇವರ ಜಾತ್ರೆಗೆ ಕಾಡುಗೊಲ್ಲರು ಮುಳ್ಳುಕಂಟಿಗಳಿಂದಲೇ ಎತ್ತರದ ಗುಡಿ ಕಟ್ಟುತ್ತಾರೆ. ಕೊನೆಯಲ್ಲಿ ಈರಗಾರರೆಂಬ ಭಕ್ತರು ಬರಿಗಾಲಲ್ಲಿ ಆ ಮುಳ್ಳಿನ ಗುಡಿ ಹತ್ತಿ ಕಳಶ ಕೀಳುತ್ತಾರೆ. ಇದಕ್ಕೆ ಹರೆಯದ ಮೈಯೇ ಬೇಕು. ಕಿರಿಯರಿಗೆ ಅವರಿಂದಲೇ ಆಗಬೇಕಾದ ಕೆಲಸ ಕೊಟ್ಟ ಕಡೆ ಅವರು ಊರು ಬಿಟ್ಟಿದ್ದರೂ ಬರುತ್ತಾರೆ. ಅಪ್ಪನ ಹಿಂದೆ ಕೈಕಟ್ಟಿ ನಿಲ್ಲುವುದಷ್ಟೇ ಕೆಲಸವಾದರೆ ಬರುವುದಿಲ್ಲ. ಆದರೆ ಜಾತ್ರೆಗೆ ರಜೆ ಹಾಕಿ ಬರಬಹುದು, ಕಿಲಾರಿಗೆ ರಜೆಯೇ ಇಲ್ಲ. ದೇವರ ಎತ್ತುಗಳು ಉಳಿಯಬೇಕೆನ್ನುವವರು ಹುಡುಗರಿಗೆ ಭಕ್ತಿ ಬೋಧಿಸುವ ಮೊದಲು ಮೇವಿಗೆ ಕಾವಲು, ಕಿಲಾರಿಗೆ ಮರ್ಯಾದೆಯ ಸಂಬಳ ಕೇಳಬೇಕಾಗಿದೆ.